ಒಂದು ಬಾಟಲಿ, ಮೂವರ ಚಮಚ

ನಿಮ್ಮ ಮನೆಯಲ್ಲೂ ಇರಬಹುದು, ಒಮ್ಮೆ ನೋಡಿಕೊಳ್ಳಿ. ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ನಿಂತ ಡಬ್ಬಿಗಳು. ಸುಸ್ತಿಗೆ ಒಂದು, ಮಂಡಿನೋವಿಗೆ ಒಂದು, ನಿದ್ದೆ ಬರಲಿಕ್ಕೆ ಒಂದು, ಬಂದ ನಿದ್ದೆ ಬಿಡಲಿಕ್ಕೆ ಇನ್ನೊಂದು. ಯಾರು ತಂದರು, ಯಾಕೆ ತಂದರು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬಿಸಾಡಲು ಮಾತ್ರ ಯಾರಿಗೂ ಮನಸ್ಸು ಬರುವುದಿಲ್ಲ.

ಪಾನಾ ಮಾಮನ ಮನೆಯ ಕಿಟಕಿಯಲ್ಲೂ ಅಂಥದೊಂದು ಸಾಲು ಇತ್ತು. ಮಾಮ ಸೈಕಲ್ ರಿಪೇರಿಯವನು. ಊಟಕ್ಕೆ ಕೂತಾಗಲೂ ಜೇಬಿನಲ್ಲಿ ನಟ್ಟು ಬಿಗಿಯುವ ಪಾನಾ ಇರುತ್ತಿದ್ದದ್ದರಿಂದ ಬೀದಿಯವರು ಇಟ್ಟ ಹೆಸರು ಅದು. ಕಣ್ಣು ಮಬ್ಬಾಗುತ್ತ ಬಂದು ಈಗ ಕೆಲವು ವರ್ಷಗಳಿಂದ ಅವನಿಗೆ ಏನೂ ಕಾಣುವುದಿಲ್ಲ. ಹಾಗೆಂದು ಈಗ ಕೆಲಸ ಬಿಟ್ಟು ಕೂತಿಲ್ಲ. ಮನೆಯ ಮುಂದಿನ ಕೋಣೆಯಲ್ಲೇ ಚಕ್ರವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ತಿರುಗಿಸಿ, ಅಂಚಿಗೆ ಹೆಬ್ಬೆರಳಿನ ಉಗುರು ತಾಗಿಸಿ, ಉಜ್ಜುವ ಸದ್ದು ಕೇಳಿಯೇ ಬೆಂಡು ತೆಗೆಯುತ್ತಾನೆ. ಕಿಟಕಿಯ ಡಬ್ಬಿಗಳನ್ನೂ ಮುಚ್ಚಳದ ಸದ್ದಿನಿಂದಲೇ ಗುರುತು ಹಿಡಿಯುತ್ತಾನೆ. ಮನುಷ್ಯ ಮೊಂಡ, ಬಾಯಿ ಜೋರು. ಆದರೆ ಯಾವುದನ್ನೂ ಬಿಚ್ಚಿ ನೋಡದೆ ನಂಬುವವನಲ್ಲ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ.

ಆ ಮುಂದಿನ ಕೋಣೆಯ ಅರ್ಧ ಜಾಗವನ್ನು ಒಂದು ಜೋಡಿ ಸೈಕಲ್ ತಿಂದಿತ್ತು. ಇಬ್ಬರು ಕೂತು ತುಳಿಯುವ ಉದ್ದನೆಯ ಗಾಡಿ. ಮುಂದೆ ಮಗಳು, ಹಿಂದೆ ಅಪ್ಪ. ಹ್ಯಾಂಡಲ್ಲು, ಬ್ರೇಕು, ದಾರಿ ಎಲ್ಲ ಅವಳದು. ಇಬ್ಬರ ಪೆಡಲ್ಲಿಗೂ ಒಂದೇ ಚೈನಿನ ನಂಟು. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರೂ ನಿಲ್ಲಿಸಬೇಕು. ಹಾಗಾಗಿ ಮಗಳ ಕಾಲಿನಲ್ಲಿ ಎಷ್ಟು ಕಸುವಿದೆ ಎನ್ನುವುದು ಮಾಮನಿಗೆ ತನ್ನ ಪಾದದಲ್ಲೇ ತಿಳಿಯುತ್ತಿತ್ತು.

ವರ್ಷಕ್ಕೊಮ್ಮೆ ಒಂದು ದೂರದ ಸವಾರಿ ನಡೆಯುತ್ತಿತ್ತು. ಬೆಳಕು ಹರಿಯುವಾಗ ನದಿಯ ಸೇತುವೆಯಿಂದ ಹೊರಟು, ಬೆಟ್ಟ ಹತ್ತಿ ಇಳಿದು, ಕತ್ತಲಾಗುವ ಮುಂಚೆ ಸಮುದ್ರದಂಚಿನ ದೀಪಸ್ತಂಭ ಸೇರಬೇಕು. ಹೋದ ಸಲ ಬೆಟ್ಟದ ಅರ್ಧ ದಾರಿಯಲ್ಲೇ ಮಗಳ ಕಾಲು ಸೋತಿತು. ಸೋತವರನ್ನು ಹತ್ತಿಸಿಕೊಳ್ಳಲು ಹಿಂದೆ ಬರುತ್ತಿದ್ದ ವ್ಯಾನು ಅಪ್ಪ ಮಗಳನ್ನೂ ಸೈಕಲನ್ನೂ ತುಂಬಿಕೊಂಡು ಹೋಯಿತು. ಆ ವ್ಯಾನಿನ ಸೀಟು ಮಾಮನಿಗೆ ಇನ್ನೂ ಚುಚ್ಚುತ್ತಿತ್ತು. "ಈ ಸಲ ದೀಪಸ್ತಂಭದ ಗೋಡೆಗೆ ಅಂಗೈ ಇಟ್ಟೇ ಬರೋದು" ಎಂದು ಕಂಡಕಂಡವರಿಗೆಲ್ಲ ಹೇಳಿಯಾಗಿತ್ತು. ಆದರೆ ಸವಾರಿ ಹತ್ತಿರ ಬರುತ್ತಿದ್ದಂತೆ ಮಗಳ ಪೆಡಲು ಗಟ್ಟಿಯಾಗುವ ಬದಲು ಸಡಿಲವಾಗುತ್ತಿತ್ತು.

ಆಗ ವ್ಯಾಯಾಮಶಾಲೆಯ ಯಜಮಾನ ಒಂದು ಡಬ್ಬಿ ತಂದುಕೊಟ್ಟ. ಕೆಂಪು ಮುಚ್ಚಳದ್ದು.

"ದೂರ ಹೋಗೋರಿಗೆ ಅಂತಾನೇ ಮಾಡಿರೋದು ಮಾಮ. ಒಂದು ಚಮಚ ನೀರಿಗೆ ಹಾಕಿ ಕುಡಿದ್ರೆ ಬೆಟ್ಟ ತಾನೇ ಬಗ್ಗುತ್ತೆ."

"ಒಳಗೇನಿದೆ?"

"ಶಕ್ತಿ."

"ಶಕ್ತಿ ಅಂದ್ರೆ ಏನಯ್ಯ?"

"ಅದೆಲ್ಲಾ ಹಿಂದುಗಡೆ ಬರ್ದಿದೆ ಮಾಮ."

ಹೊಸ ಗೇರು ಬಂದರೆ ಬಿಚ್ಚಿ ಹಲ್ಲುಹಲ್ಲನ್ನೂ ತಡವಿ ನೋಡುವ ಮನುಷ್ಯ, ಬಾಯೊಳಗೆ ಹೋಗುವ ಪುಡಿಯ ಹಿಂದುಗಡೆ ಏನು ಬರೆದಿದೆ ಎಂದು ಯಾರಿಂದಲೂ ಓದಿಸಲಿಲ್ಲ. ಇದು ಅವನೊಬ್ಬನ ದಡ್ಡತನ ಅಂದುಕೊಳ್ಳಬೇಡಿ. ಕಣ್ಣಿರುವ ನಾವೂ ಓದುವುದಿಲ್ಲ.

ರಜೆಯ ದಿನ ಬೆಳಗ್ಗೆ ಅಪ್ಪ ಮಗಳು ಅಭ್ಯಾಸಕ್ಕೆ ಹೊರಟರು. ಬಾಟಲಿ ಮುಂದಿನ ಚೌಕಟ್ಟಿನಲ್ಲಿತ್ತು. ಮಗಳು ಒಂದಷ್ಟು ಕುಡಿದು ಹಿಂದಕ್ಕೆ ಕೊಡುವುದು, ಮಾಮ ಕುಡಿದು ಮುಂದಕ್ಕೆ ಕೊಡುವುದು. ಮೊದಮೊದಲು ಗಾಡಿ ಹಾರಿಕೊಂಡೇ ಹೋಯಿತು.

"ನೋಡ್ದ್ಯಾ, ಪುಡಿ ಕೆಲ್ಸ ಶುರು ಮಾಡ್ತು," ಅಂದ ಮಾಮ.

ಸ್ವಲ್ಪ ಹೊತ್ತಿನಲ್ಲಿ ಮಾಮನ ಎದೆ ಅಂಗಿಯ ಗುಂಡಿ ಕಿತ್ತು ಬರುವಂತೆ ಬಡಿದುಕೊಳ್ಳತೊಡಗಿತು. ಪಾದದ ಕೆಳಗೆ ಮಗಳ ತುಳಿತ ಒಂದೇ ಸಮ ಇರಲಿಲ್ಲ. ಜಗ್ಗಿ ಬಿಡುತ್ತಿತ್ತು, ಜಗ್ಗಿ ಬಿಡುತ್ತಿತ್ತು. ಗಾಡಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ತೀರಾ ಹತ್ತಿರದಲ್ಲಿ ಲಾರಿಯ ಹಾರ್ನ್ ಕೇಳಿಸಿತು. ಬಿಸಿಗಾಳಿ ಮಾಮನ ಕೆನ್ನೆಗೆ ಬಾರಿಸಿಕೊಂಡು ಹೋಯಿತು. ಗಾಡಿ ಜಲ್ಲಿಯ ಮೇಲೆ ಇಳಿದು ನಿಂತಿತು.

"ಅಪ್ಪ, ಕೈ ನಡುಗ್ತಿದೆ. ಹ್ಯಾಂಡಲ್ ಹಿಡಿಯಕ್ಕೆ ಆಗ್ತಿಲ್ಲ," ಅಂದಳು ಮಗಳು. ಮರುಕ್ಷಣ ಅಲ್ಲೇ ಇದ್ದ ಬಸ್ ನಿಲ್ದಾಣದ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು.

ಮಾಮ ಸದ್ದು ಹಿಡಿದು ತಡವರಿಸಿಕೊಂಡು ಹೋಗಿ ಅವಳ ಬೆನ್ನಿಗೆ ಕೈ ಇಟ್ಟ. ಮೂಳೆ ಕೈಗೆ ಸಿಕ್ಕಿತು. ಯಾವಾಗ ಇಷ್ಟು ಇಳಿದುಹೋದಳು ಇವಳು? ದಿನವೂ ಇವಳ ಹಿಂದೆಯೇ ಕೂರುತ್ತೇನೆ, ನನಗೆ ಗೊತ್ತೇ ಆಗಲಿಲ್ಲವಲ್ಲ ಎಂದು ಅವನಿಗೆ ಅನ್ನಿಸಿತು.

ದಾರಿಯಲ್ಲಿ ಬಂದ ಟೆಂಪೋದವನು ಇಬ್ಬರನ್ನೂ ಹತ್ತಿಸಿಕೊಂಡು ಮನೆಗೆ ಬಿಟ್ಟ. ಮಾಮನ ಹೆಂಡತಿ ಕೂಡಲೇ ತನ್ನ ತಂಗಿಗೆ ಫೋನು ಮಾಡಿದಳು. ತಂಗಿ ಆರೋಗ್ಯ ಕೇಂದ್ರದಲ್ಲಿ ನರ್ಸು. ಕಂಡವರ ತೋಳು ಚುಚ್ಚಿ ರಕ್ತ ತೆಗೆಯುವವಳು ಎಂದು ಮಾಮ ಅವಳಿಗೆ ಇಟ್ಟ ಹೆಸರು ಸೂಜಿ. ಬಂದವಳೇ ಅವಳು ಇಬ್ಬರ ನಾಡಿ ಹಿಡಿದು ನೋಡಿದಳು.

"ಎದೆ ಇಷ್ಟು ಹೊಡ್ಕೋತಿದ್ರೆ ಮನೆಗೆ ಬಂದು ಮಲಗೋದಲ್ಲ ಭಾವ, ಸೀದಾ ಡಾಕ್ಟರ ಹತ್ರ ಹೋಗ್ಬೇಕು. ಏಳಿ," ಅಂದಳು.

ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿ, ಒಂದಷ್ಟು ಹೊತ್ತು ಅಲ್ಲೇ ಮಲಗಿಸಿ, ಭಯವಿಲ್ಲ ಎಂದಮೇಲೆ ಎಲ್ಲರೂ ಮನೆಗೆ ಬಂದರು. ಹೆಂಡತಿ ಎಂದಿನಂತೆ ಹೊಲಿಗೆ ಯಂತ್ರದ ಮುಂದೆ ಕೂತಳು. ಬೇಜಾರಾದಾಗ ಅವಳು ಏನಾದರೂ ಹೊಲಿಯುತ್ತಾಳೆ. ಸೂಜಿ ಅಡುಗೆಮನೆಯ ಮೇಜಿನ ಮೇಲೆ ಬಾಟಲಿ ಇಟ್ಟಳು.

"ಇದಕ್ಕೆ ಪುಡಿ ಹಾಕಿದ್ದು ಯಾರು?"

"ನಾನು," ಅಂದಳು ಮಗಳು. "ಒಂದೇ ಚಮಚ ಚಿಕ್ಕಮ್ಮ, ಡಬ್ಬಿ ಮೇಲೆ ಹೇಳಿದಷ್ಟೇ."

ಹೊಲಿಗೆ ಯಂತ್ರ ನಿಂತಿತು. "ನೀನು ಹಾಕಿದ್ಯಾ?" ಅಂದಳು ಅಮ್ಮ. "ಆತುರದಲ್ಲಿ ಮರೆತಿದ್ದೀಯ ಅಂದ್ಕೊಂಡು ನಾನೂ ಒಂದು ಹಾಕಿದ್ನಲ್ಲೇ."

ಮಾಮ ಗಂಟಲು ಸರಿಮಾಡಿಕೊಂಡ.

"ಭಾವ?" ಅಂದಳು ಸೂಜಿ.

"ಮಗಳು ಸುಸ್ತಾಗಿದ್ದಾಳೆ ಅಂತ ಒಂದು ಜಾಸ್ತಿ ಇರ್ಲಿ ಅಂದ್ಕೊಂಡೆ."

"ಮಟ್ಟ ಮಾಡಿ ಹಾಕಿದ್ರಾ, ಗುಡ್ಡೆ ಮಾಡಿ ಹಾಕಿದ್ರಾ?"

"ಕಣ್ಣು ಕಾಣದವನಿಗೆ ಮಟ್ಟ ಯಾವುದೇ, ಗುಡ್ಡೆ ಯಾವುದೇ?"

"ಚಕ್ರದ ಬೆಂಡು ಕೂದಲೆಳೆಯಷ್ಟಿದ್ರೂ ಉಗುರಲ್ಲಿ ಹಿಡೀತೀರಿ. ಚಮಚದ ಮೇಲೆ ಬೆರಳಾಡಿಸಕ್ಕೆ ಮಾತ್ರ ಕಣ್ಣು ಬೇಕು ನಿಮಗೆ," ಅಂದಳು ಸೂಜಿ. "ಹೊರಡೋ ಮುಂಚೆ ಕಾಫಿ ಕುಡಿದ್ರಾ?"

"ಕುಡಿದ್ವಿ. ಅದೂ ಲೆಕ್ಕಾನಾ?"

"ಅದೇ ಲೆಕ್ಕ. ಈ ಪುಡಿಯಲ್ಲಿ ಇರೋದೂ ಕೆಫೀನೇ. ಕಾಫಿಯಲ್ಲಿ ನಿದ್ದೆ ಓಡಿಸೋದು ಯಾವುದೋ ಅದು. ಕಾಫಿಯದ್ದು, ಮಗಳ ಚಮಚದ್ದು, ಅಕ್ಕನ ಚಮಚದ್ದು, ನಿಮ್ಮ ಗುಡ್ಡೇದು, ಎಲ್ಲಾ ಒಟ್ಟಿಗೆ ಹೊಟ್ಟೆಗೆ ಇಳೀತು."

ಮಾಮನಿಗೆ ರೇಗಿತು. ತನ್ನ ತಪ್ಪು ಗೊತ್ತಾದಾಗ ಅವನಿಗೆ ಮೊದಲು ರೇಗುತ್ತದೆ. "ಹಾಗಾದ್ರೆ ಪುಡಿ ಮಾರೋರೆಲ್ಲ ಕಳ್ಳರು ಅನ್ನು."

"ಹಾಗನ್ನಲ್ಲ. ದೂರದ ಸವಾರಿಯಲ್ಲಿ ಕೆಫೀನ್ ಕೆಲವರಿಗೆ ನೆರವಾಗುತ್ತೆ, ನಿಜ. ಬೀಟ್ರೂಟ್ ರಸದಿಂದಲೂ ಕೆಲವರಿಗೆ ಒಂಚೂರು ಅನುಕೂಲ ಇದೆ. ಒಂಚೂರು, ಅಷ್ಟೇ. ಅದೂ ಮೈಗೆ ಒಗ್ಗಿದ್ರೆ, ಅಳತೆಯಲ್ಲಿದ್ರೆ. ಮಿಕ್ಕ ಬಹಳಷ್ಟು ಡಬ್ಬಿಗಳ ಮೇಲೆ ಬರೆದಿರೋ ಮಾತಿಗೆ ಗಟ್ಟಿ ಆಧಾರ ಇಲ್ಲ. ಇಲ್ಲಿ ನೋಡಿ, ಓದ್ತೀನಿ. 'ವಿಶೇಷ ಶಕ್ತಿ ಮಿಶ್ರಣ.' ಯಾವುದು ಎಷ್ಟು ಅಂತ ಇಲ್ಲ."

"ಎಷ್ಟು ಅಂತ ಇಲ್ವಾ?"

"ಇಲ್ಲ."

ಮಾಮ ಡಬ್ಬಿ ಕೈಗೆ ತೆಗೆದುಕೊಂಡು ಅಲ್ಲಾಡಿಸಿದ. "ಏನು ಬೆರೆಸಿದ್ದೀನಿ ಅಂತ ಹೇಳದೆ ಇರೋ ಗ್ರೀಸನ್ನ ನಾನು ಗಿರಾಕಿ ಬೇರಿಂಗಿಗೆ ಹಚ್ಚಲ್ಲ," ಅಂದ.

"ಮಗಳ ಹೊಟ್ಟೆಗೆ ಹಚ್ಚಿದ್ರಿ."

ಬೇರೆ ಯಾರಾದರೂ ಅಂದಿದ್ದರೆ ಮಾಮ ಮನೆಯಿಂದ ಹೊರಗೆ ಕಳಿಸುತ್ತಿದ್ದ. ನಾದಿನಿಯ ಬಾಯಿಗೆ ಮಾತ್ರ ಅವನ ಬಾಯಿ ಸಾಟಿಯಲ್ಲ.

"ಒಂದು ಹೇಳಿ ಭಾವ," ಅಂದಳು ಸೂಜಿ, ಈಗ ಮೆತ್ತಗೆ. "ಯಾರೋ ಬಂದು ಸೈಕಲ್ ಭಾರ ಎಳೀತಿದೆ ಅಂದ್ರೆ ಮೊದಲು ಏನು ಮಾಡ್ತೀರಿ? ಎಣ್ಣೆ ಸುರೀತೀರಾ?"

"ಥೂ. ಮೊದಲು ಎತ್ತಿ ಚಕ್ರ ತಿರುಗಿಸಿ ಕೇಳ್ತೀನಿ. ಬ್ರೇಕು ಕಚ್ಚಿದ್ಯಾ, ಬೇರಿಂಗು ಒಣಗಿದ್ಯಾ, ಟೈರಲ್ಲಿ ಗಾಳಿ ಇಲ್ವಾ. ತಿಳೀದೆ ಎಣ್ಣೆ ಸುರಿದ್ರೆ ಧೂಳು ಮೆತ್ಕೊಳ್ಳುತ್ತೆ, ಅಷ್ಟೇ."

"ಮಗಳು ಭಾರ ಎಳೀತಿದ್ದಾಳೆ ಅಂತ ಗೊತ್ತಾಯ್ತಲ್ಲ. ಯಾಕೆ ಅಂತ ಕೇಳಿದ್ರಾ?"

ಸೂಜಿ ಮಗಳನ್ನು ಬೆಳಕಿಗೆ ತಿರುಗಿಸಿ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದಳು. "ಬಿಳುಚಿಕೊಂಡಿದೆ. ಬೆಳಗ್ಗೆ ಏನು ತಿಂತೀಯ?"

ಮಗಳು ಬೇಕರಿಯಲ್ಲಿ ಬೆಳಗಿನ ಪಾಳಿಯವಳು. "ಒಲೆ ಮುಂದೆ ನಿಂತು ಬ್ರೆಡ್ಡಿನ ವಾಸನೆ ಕುಡಿದೂ ಕುಡಿದೂ ತಿನ್ನೋ ಮನಸ್ಸೇ ಬರಲ್ಲ ಚಿಕ್ಕಮ್ಮ. ಸವಾರಿ ದಿನ ಮೈ ಹಗುರ ಇರ್ಲಿ ಅಂತ ತಿನ್ನಲ್ಲ."

"ಪೆಟ್ರೋಲ್ ಹಾಕ್ದೆ ಗಾಡಿ ಹಗುರ ಮಾಡ್ಕೊಂಡೆ ಅನ್ನು. ಇನ್ನು ತಿಂಗಳಿನದು ಹೇಗೆ?"

ಮಗಳು ಅಪ್ಪನ ಕಡೆ ನೋಡಿ ಸುಮ್ಮನಾದಳು. ಮಾಮ ಅದನ್ನು ಕಾಣಲಿಲ್ಲ, ಆದರೆ ಆ ಮೌನ ಅವನಿಗೆ ಅರ್ಥವಾಯಿತು. ಎದ್ದು ಹೊರಡಲು ಕುರ್ಚಿ ಸರಿಸಿದ.

"ಕೂತ್ಕೋ ಅಪ್ಪ," ಅಂದಳು ಮಗಳು. "ತುಂಬಾ ಹೋಗುತ್ತೆ ಚಿಕ್ಕಮ್ಮ. ಬಹಳ ತಿಂಗಳಾಯ್ತು. ಮೆಟ್ಟಿಲು ಹತ್ತಿದ್ರೂ ಏದುಸಿರು."

"ಯಾಕೇ ಹೇಳ್ಲಿಲ್ಲ?" ಎಂದು ಅಮ್ಮ ಗದರಿದಳು.

"ಹೇಳಿದ್ರೆ ಸವಾರಿ ನಿಲ್ಲಿಸ್ತೀರ. ಗಾಡಿ ನಿಂತ್ರೆ ಅಪ್ಪ ಮತ್ತೆ ಕುರ್ಚಿಗೆ ಹೋಗ್ತಾನೆ. ಕಣ್ಣು ಹೋದ ಹೊಸತರಲ್ಲಿ ಆ ಮೂಲೆ ಕುರ್ಚಿ ಬಿಟ್ಟು ಏಳ್ತಾನೇ ಇರ್ಲಿಲ್ಲ. ಮರೆತ್ರಾ?"

ಮಾಮ ಎದ್ದು ಮುಂದಿನ ಕೋಣೆಗೆ ಹೋದ. ಅಲ್ಲಿ ಚಕ್ರವೊಂದು ತಿರುಗಿದ ಸದ್ದು ಕೇಳಿಸಿತು. ಅದು ನಿಂತಮೇಲೆ ವಾಪಸು ಬಂದು ಬಾಗಿಲಲ್ಲಿ ನಿಂತ.

"ಅವಳಿಗೋಸ್ಕರ ನಾನು ತುಳೀತಿದ್ದೆ, ನನಗೋಸ್ಕರ ಅವಳು ತುಳೀತಿದ್ಲು," ಅಂದ. "ಒಳ್ಳೆ ಗಾಡಿ. ಸೂಜಿ, ಅವಳ ರಕ್ತ ತೆಗಿ. ಏನಾಗಿದೆ ಅಂತ ನೋಡೋಣ."

ಪರೀಕ್ಷೆಯಲ್ಲಿ ರಕ್ತದ ಕಬ್ಬಿಣಾಂಶ ತೀರಾ ಕೆಳಗಿದೆ ಎಂದು ಬಂತು. ಮೈಗೆಲ್ಲ ಉಸಿರು ಹೊತ್ತು ತಿರುಗುವುದು ರಕ್ತ. ಅದಕ್ಕೆ ಕಬ್ಬಿಣ ಬೇಕು. ಅದೇ ಇಲ್ಲದಿದ್ದರೆ ಕಾಲು ಎಲ್ಲಿಂದ ತುಳಿಯುತ್ತದೆ? ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಹೆಚ್ಚು ರಕ್ತ ಹೋಗುವುದಕ್ಕೂ ಔಷಧ ಶುರು ಮಾಡಿದರು. ಮಾತ್ರೆಯ ಜೊತೆ ಕಾಫಿ ಟೀ ಬೇಡ, ಕಬ್ಬಿಣವನ್ನು ಮೈ ಹೀರಿಕೊಳ್ಳಲು ಅವು ಬಿಡುವುದಿಲ್ಲ ಎಂದು ಸೂಜಿ ಒತ್ತಿ ಹೇಳಿದಳು.

"ಅಷ್ಟು ಒಳ್ಳೇದಾದ್ರೆ ನನಗೂ ಒಂದು ಕೊಡು," ಎಂದು ಮಾಮ ಕೈ ಚಾಚಿದ.

"ಅವಳ ಜೊತೆ ನಿಮ್ಮದನ್ನೂ ಪರೀಕ್ಷೆ ಮಾಡಿದ್ವಲ್ಲ, ನಿಮ್ಮ ರಕ್ತದಲ್ಲಿ ಬೇಕಾದಷ್ಟಿದೆ. ಬೇಡದವರು ತಿಂದ್ರೆ ಅದು ಒಳಗೇ ಕೂತು ಪಿತ್ತಜನಕಾಂಗ ಕೆಡಿಸುತ್ತೆ. ಪಕ್ಕದ ಮನೆಯವರಿಗೆ ಒಳ್ಳೇದಾಯ್ತು ಅಂತ ಅವರ ಚಪ್ಪಲಿ ಹಾಕ್ಕೋತೀರಾ?"

"ಅಳತೆ ಸರಿ ಇದ್ರೆ ಹಾಕ್ಕೋತೀನಿ," ಅಂದ ಮಾಮ. ಆದರೆ ಕೈ ಹಿಂದಕ್ಕೆ ತೆಗೆದುಕೊಂಡ.

ಆ ವರ್ಷದ ಸವಾರಿ ಬಿಟ್ಟರು. ರಕ್ತ ತುಂಬಿಕೊಳ್ಳಲು ತಿಂಗಳುಗಟ್ಟಲೆ ಬೇಕು ಎಂದಾಗ ಮಾಮನೇ ಮೊದಲು "ಬೇಡ" ಅಂದ. ಬಾಯಲ್ಲಿ ಅಂದಷ್ಟು ಸುಲಭಕ್ಕೆ ಮನಸ್ಸು ಒಪ್ಪಲಿಲ್ಲ. ಸವಾರಿಯ ದಿನ ಬೆಳಗ್ಗೆ ಎದ್ದು, ಸೇತುವೆಯ ಕಡೆಗೆ ಹೋಗುವ ಸೈಕಲ್ಲುಗಳ ಗಂಟೆ ಕೇಳುತ್ತ ಕಿಟಕಿಯಲ್ಲಿ ನಿಂತಿದ್ದ. ಮಗಳು ಪಕ್ಕದಲ್ಲಿ ಬಂದು ನಿಂತು, ಬ್ರೆಡ್ಡು ಕಚ್ಚುತ್ತ, ಯಾರ್ಯಾರು ಹೇಗೆ ಹೋದರು ಎಂದು ಹೇಳಿದಳು. ಅವಳು ಅಗಿಯುವ ಸದ್ದು ಅವನಿಗೆ ಸಮಾಧಾನ ಕೊಟ್ಟಿತು.

ಮೈಗೆ ಕಸುವು ಬರುತ್ತಿದ್ದಂತೆ ಸಂಜೆ ಹೊತ್ತು ಹತ್ತಿರದ ದಾರಿಯಲ್ಲಿ ಮತ್ತೆ ತುಳಿಯತೊಡಗಿದರು. ಕೆಂಪು ಮುಚ್ಚಳದ ಡಬ್ಬಿ ಮನೆಯಿಂದ ಹೊರಗೆ ಹೋಗಿತ್ತು. ಆದರೆ ಕಿಟಕಿಯ ಸಾಲಿನಲ್ಲಿ ಹಸಿರು ಮುಚ್ಚಳದ್ದೊಂದು ಉಳಿದಿತ್ತು. ಅದರಲ್ಲಿ ಕೆಫೀನ್ ಇರಲಿಲ್ಲ, ಏನೋ ಸತ್ವವಂತೆ. ಅದರ ಮೇಲೆ ಮಾಮನಿಗೆ ಬಲವಾದ ನಂಬಿಕೆ.

"ಮಗಳು ಇದನ್ನ ಕುಡಿದ ದಿನ ನನ್ನ ಪಾದಕ್ಕೆ ಗೊತ್ತಾಗುತ್ತೆ ಕಣೇ," ಎಂದು ನಾದಿನಿಯ ಹತ್ತಿರ ಹಟ ಹಿಡಿದ.

ಸೂಜಿ ಡಬ್ಬಿ ತಿರುಗಿಸಿ ಪೂರ್ತಿ ಓದಿದಳು. ಡಾಕ್ಟರಿಗೂ ತೋರಿಸಿ ಬಂದಳು. "ಇದರಲ್ಲಿ ಅಪಾಯ ಏನಿಲ್ಲ. ಉಪಯೋಗ ಇದ್ಯಾ ಅಂತ ನೀವೇ ನೋಡಿ. ಅಕ್ಕ ಬಾಟಲಿ ತುಂಬಲಿ. ಒಂದಿನ ನಿಂಬೆರಸಕ್ಕೆ ಪುಡಿ ಹಾಕಲಿ, ಒಂದಿನ ಬರೀ ನಿಂಬೆರಸ. ಕುಡಿಯೋದು ಮಗಳೊಬ್ಬಳೇ, ಯಾವತ್ತು ಯಾವುದು ಅಂತ ಅಕ್ಕ ಹೇಳಬಾರದು. ನೀವು ಪೆಡಲ್ ಮೇಲೆ ಕಾಲಿಟ್ಟು ಹೇಳಿ."

ಮಾಮನಿಗೆ ಇದು ಭಾರಿ ಹಿಡಿಸಿತು. ಬಿಚ್ಚಿ ನೋಡುವ ಕೆಲಸ ಅಲ್ಲವೇ. ದಿನಾ ಸಂಜೆ ಗಾಡಿಯಿಂದ ಇಳಿದವನೇ "ಇವತ್ತು ಪುಡಿ" ಅನ್ನುವುದು, "ಇವತ್ತು ಬರೀ ನಿಂಬೆ" ಅನ್ನುವುದು. ಹೆಂಡತಿ ಯಂತ್ರದ ಮುಂದೆ ಕೂತು "ತಪ್ಪು" ಅನ್ನುವುದು. ಒಮ್ಮೊಮ್ಮೆ "ಸರಿ" ಅನ್ನುವುದೂ ಉಂಟು. ಕಣ್ಣುಮುಚ್ಚಿ ನಾಣ್ಯ ಚಿಮ್ಮಿದರೂ ಅಷ್ಟು ಸರಿ ಬರುತ್ತಿತ್ತು. ಆದರೂ ಮಾಮ ಸೋಲೊಪ್ಪಲಿಲ್ಲ. "ಇನ್ನೂ ಪಾದ ಪಳಗಬೇಕು," ಅಂದ.

ಒಂದು ಸಂಜೆ ಕೆರೆಯ ಏರಿ ಮೇಲೆ ಮಗಳ ತುಳಿತ ಎಂದೂ ಇಲ್ಲದಷ್ಟು ಗಟ್ಟಿಯಾಗಿತ್ತು. ಮಾಮನ ಕಾಲು ಅದರ ಜೊತೆ ತಾನಾಗಿಯೇ ತಿರುಗುತ್ತಿತ್ತು. ಅವನು ಖುಷಿಯಿಂದ ಹಿಂದಿನಿಂದ ಕೂಗಿದ.

"ಇವತ್ತು ಪುಡಿ. ಬರ್ಕೊಡ್ತೀನಿ ಬೇಕಾದ್ರೆ. ಇವತ್ತು ಪುಡಿ ಅಲ್ದೆ ಇದ್ರೆ ನನ್ನ ಹೆಸರು ಬದಲಾಯಿಸು."

ಹ್ಯಾಂಡಲ್ಲು ಅಲುಗಾಡಿತು. ಮಾಮನಿಗೆ ಗಾಬರಿಯಾಯಿತು, ಮತ್ತೆ ಕೈ ನಡುಗುತ್ತಿದೆಯೇ? ಆಮೇಲೆ ತಿಳಿಯಿತು, ಅವಳು ನಗುತ್ತಿದ್ದಳು.

"ಅಪ್ಪ, ಮುಂದಕ್ಕೆ ಕೈ ಚಾಚಿ ನೋಡು."

ಮಾಮ ಬಗ್ಗಿ ಚೌಕಟ್ಟು ತಡವಿದ. ಬಾಟಲಿ ಇರಬೇಕಾದ ಜಾಗ ಖಾಲಿ.

"ಅಡುಗೆಮನೆ ಮೇಜಿನ ಮೇಲೇ ಬಿಟ್ಟು ಬಂದಿದ್ದೀವಿ," ಅಂದಳು ಮಗಳು. "ಏರಿ ಹತ್ತೋವಾಗ ನೆನಪಾಯ್ತು. ನೀನು ಏನಂತೀಯ ನೋಡೋಣ ಅಂತ ಸುಮ್ಮನಿದ್ದೆ."

ಮಾಮ ಖಾಲಿ ಚೌಕಟ್ಟನ್ನು ಇನ್ನೊಮ್ಮೆ ತಡವಿದ. ಕೊನೆಗೆ ಕೇಳಿದ, "ಹಾಗಾದ್ರೆ ನಿನ್ನ ಕಾಲಲ್ಲಿ ಇದ್ದಿದ್ದು ಏನೇ?"

"ಮಧ್ಯಾಹ್ನ ಹೊಟ್ಟೆ ತುಂಬಾ ಊಟ ಮಾಡಿದ್ದೆ. ಆಮೇಲೆ ನಿದ್ದೆ ಮಾಡಿದ್ದೆ."

ಮನೆಗೆ ಬಂದವನೇ ಮಾಮ ಹಸಿರು ಮುಚ್ಚಳದ ಡಬ್ಬಿಯನ್ನು ಖಾಲಿ ಮಾಡಿ ತೊಳೆದ. ಅದರೊಳಗೆ ಈಗ ಚಕ್ರದ ಕಡ್ಡಿಗಳ ತಿರುಪುಗಳಿವೆ. ಡಬ್ಬಿ ಮಾತ್ರ ಬಹಳ ಗಟ್ಟಿಯಾದದ್ದು ಎಂದು ಈಗಲೂ ಹೊಗಳುತ್ತಾನೆ.

ಮರುವರ್ಷ ಅವರು ಸೇತುವೆಯಿಂದ ಹೊರಟರು. ರಕ್ತ ಇನ್ನೊಮ್ಮೆ ಪರೀಕ್ಷೆಯಾಗಿ ಸರಿಯಿದೆ ಎಂದು ಬಂದಮೇಲೆ. ಬಾಟಲಿಯಲ್ಲಿ ನೀರು, ಸಕ್ಕರೆ, ಚಿಟಿಕೆ ಉಪ್ಪು, ನಿಂಬೆ. ತುಂಬಿದ್ದು ಹೆಂಡತಿ ಒಬ್ಬಳೇ. ಉಳಿದವರು ಮುಟ್ಟುವಂತಿಲ್ಲ ಎಂಬ ಕಾನೂನು ಬಂದಿತ್ತು. ಅಂಗಿಯ ಬೆನ್ನಿಗೆ ಅವಳೇ ಹೊಲಿದ ಜೇಬಿನಲ್ಲಿ ಬಾಳೆಹಣ್ಣು, ಜಾಮ್ ಹಚ್ಚಿದ ಬ್ರೆಡ್ಡು. ಹೊಟ್ಟೆ ಕರೆಯುವ ಮುಂಚೆಯೇ ತಿನ್ನಬೇಕು, ಅಭ್ಯಾಸದಲ್ಲಿ ತಿಂದು ಒಗ್ಗಿದ್ದನ್ನೇ ತಿನ್ನಬೇಕು, ಅವತ್ತು ಹೊಸದೇನೂ ಬೇಡ ಎಂದು ಸೂಜಿ ಹೇಳಿದ್ದಳು.

ಬೆಟ್ಟದ ಬುಡದಲ್ಲಿ ವ್ಯಾಯಾಮಶಾಲೆಯ ಯಜಮಾನ ಮೇಜು ಹಾಕಿಕೊಂಡು ನಿಂತಿದ್ದ. "ಮಾಮ, ಹೊಸ ಪುಡಿ ಬಂದಿದೆ. ಒಂದು ಗುಟುಕು ನೋಡಿ."

"ಏನೇನು ಎಷ್ಟೆಷ್ಟಿದೆ ಅಂತ ಬರ್ದಿದ್ಯೇನಯ್ಯ?"

"ಹಿಂದುಗಡೆ..."

"ಓದು."

ಯಜಮಾನ ಡಬ್ಬಿ ತಿರುಗಿಸಿದ. ಅವನೂ ಅದನ್ನು ಮೊದಲ ಸಲ ಓದುತ್ತಿದ್ದ. ಓದುತ್ತ ಓದುತ್ತ ಅವನ ದನಿ ಸಣ್ಣದಾಯಿತು. ಅಷ್ಟರಲ್ಲಿ ಗಾಡಿ ಮುಂದೆ ಹೋಗಿಯಾಗಿತ್ತು.

ವ್ಯಾನು ಹತ್ತಿದ್ದ ತಿರುವಿನಲ್ಲಿ ಮಾಮನ ಪಾದ ಕಿವಿಗೊಟ್ಟು ಕಾಯಿತು. ಮಗಳ ತುಳಿತ ನಿಧಾನವಾಯಿತು, ಆದರೆ ಮುರಿಯಲಿಲ್ಲ. "ಸುಸ್ತಾಯ್ತಾ?" ಎಂದು ಕೇಳಿದ. "ಆಯ್ತು ಅಪ್ಪ," ಅಂದಳು ಅವಳು. ಮುಚ್ಚಿಡಲಿಲ್ಲ. ಇಬ್ಬರೂ ಇಳಿದು, ಬಾಳೆಹಣ್ಣು ತಿಂದು, ನೀರು ಕುಡಿದು, ಮತ್ತೆ ಹತ್ತಿದರು.

ಹೊತ್ತು ಮುಳುಗುವ ಮುಂಚೆ ಮಾಮನ ಮೂಗಿಗೆ ಉಪ್ಪುಗಾಳಿ ತಾಗಿತು. ಮಗಳು ಅವನ ಕೈ ಹಿಡಿದು ನಡೆಸಿಕೊಂಡು ಹೋಗಿ ಗೋಡೆಗೆ ಇಟ್ಟಳು. ಕಲ್ಲು ಇನ್ನೂ ಬೆಚ್ಚಗಿತ್ತು. ಮಾಮ ಅಂಗೈ ಆಡಿಸುತ್ತ ಸುತ್ತ ಒಂದು ಸಲ ನಡೆದ. "ದುಂಡಗಿದೆ," ಅಂದ. "ಬೆಂಡಿಲ್ಲ."

ಓದಿದ್ದಾಯಿತಲ್ಲ, ಈಗ ಎದ್ದು ನಿಮ್ಮ ಅಡುಗೆಮನೆಗೆ ಹೋಗಿ. ಡಬ್ಬಿ ತಿರುಗಿಸಿ. ಒಳಗೆ ಏನು, ಎಷ್ಟು ಎಂದು ಬರೆದಿದೆಯೇ? ಅದನ್ನು ನಿಮಗೆ ಹೇಳಿದ್ದು ಡಾಕ್ಟರೋ, ಮಾರುವವನೋ? ಮನೆಯಲ್ಲಿ ಇನ್ನೂ ಯಾರ್ಯಾರು ಅದನ್ನು ಯಾರ್ಯಾರಿಗೆ ಬೆರೆಸಿ ಕೊಡುತ್ತಿದ್ದಾರೆ? ನಿಮ್ಮ ಮಗ ಓಡುವವನಿರಬಹುದು, ಮಗಳು ಸೈಕಲ್ ತುಳಿಯುವವಳಿರಬಹುದು, ನೀವೇ ದಿನವಿಡೀ ನಿಂತು ದುಡಿಯುವವರಿರಬಹುದು. ಸುಸ್ತು ಬಿಡದೆ ಕಾಡುತ್ತಿದ್ದರೆ ಅಂಗಡಿಗೆ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಟ್ಟು ಬನ್ನಿ. ಸೂಜಿ ಚುಚ್ಚುವುದು ಒಂದು ಕ್ಷಣ. ಮೊದಲು ಊಟ, ನೀರು, ನಿದ್ದೆ ಸರಿಮಾಡಿಕೊಳ್ಳಿ. ಆಮೇಲೂ ಪುಡಿ ಬೇಕು ಅನ್ನಿಸಿದರೆ ತಿಳಿದವರನ್ನು ಕೇಳಿ, ಅಳತೆ ಮಾಡಿ, ಒಬ್ಬರೇ ಬೆರೆಸಿ.

ಮತ್ತೆ, ನಿಮ್ಮ ಮನೆಯಲ್ಲಿ ಯಾರಾದರೂ ಸುಮ್ಮನೆ ಸುಸ್ತಾಗಿ ಕೂತಿದ್ದರೆ, ಚಮಚ ಹುಡುಕುವ ಮುಂಚೆ ಪಕ್ಕದಲ್ಲಿ ಕೂತು ಯಾಕೆ ಎಂದು ಕೇಳಿ.